ನರ್ಸ್ ಕೆಲಸದಿಂದ ಬೇರೆ ವೃತ್ತಿಗೆ: ಎಣ್ಣೂರು ಮತ್ತು ಉತ್ತರ ಚೆನ್ನೈ

ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಗಳ ಆರೈಕೆ ಮಾಡುತ್ತಿದ್ದ ಶುಶ್ರೂಷಕಿ ಅಥವಾ ಶುಶ್ರೂಷಕ ಆ ಕೆಲಸ ಬಿಟ್ಟು ಬೇರೊಂದು ಜೀವನೋಪಾಯ ಹಿಡಿಯಲು ಭಾರತದಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ನರ್ಸಿಂಗ್ ಓದನ್ನೇ ಬಂಡವಾಳ ಮಾಡಿಕೊಂಡು ಕಾರ್ಖಾನೆಯ ಆರೋಗ್ಯ ಕೇಂದ್ರ, ವಿಮಾ ಕಚೇರಿ, ಮೆಡಿಕಲ್ ಕೋಡಿಂಗ್, ಬೋಧನೆ ಮೊದಲಾದ ಕಡೆ ಹೋಗುವುದು ಒಂದು. ಆ ಓದಿಗೆ ನೇರ ಸಂಬಂಧವಿಲ್ಲದ ಸರ್ಕಾರಿ ಹುದ್ದೆ, ಬ್ಯಾಂಕು, ವ್ಯಾಪಾರ, ಕಲೆ, ರಾಜಕೀಯಗಳಿಗೆ ಹೊರಳುವುದು ಇನ್ನೊಂದು. ಕೊಲ್ಲಿ ದೇಶಗಳಿಗೋ ಬ್ರಿಟನ್ನಿಗೋ ಹೋಗಿ ಅದೇ ಕೆಲಸ ಮಾಡುವುದು ವಲಸೆಯಾಗುತ್ತದೆಯೇ ಹೊರತು ವೃತ್ತಿ ಬದಲಾವಣೆಯಾಗದು. ಆದರೂ ಎರಡಕ್ಕೂ ಕಾರಣಗಳು ಬಹುಮಟ್ಟಿಗೆ ಒಂದೇ. ಯಾರು ಎಲ್ಲಿಗೆ ಹೋಗಬಲ್ಲರು ಎಂಬುದನ್ನು ವಾರ್ಡಿನಲ್ಲಿ ಗಳಿಸಿದ ಅನುಭವಕ್ಕಿಂತ ಹೆಚ್ಚಾಗಿ ಕೈಯಲ್ಲಿರುವ ಪ್ರಮಾಣಪತ್ರ ಡಿಪ್ಲೊಮಾದ್ದೋ ಪದವಿಯದೋ ಎಂಬುದು ತೀರ್ಮಾನಿಸುತ್ತದೆ.

ಈ ವಿಷಯವನ್ನು ನೋಡಲು ಎಣ್ಣೂರು ತಕ್ಕ ಊರು. ಚೆನ್ನೈ ನಗರದ ಉತ್ತರ ತುದಿಯಲ್ಲಿ, ಕೊಸಸ್ಥಲೈಯಾರ್ ನದಿ ಸಮುದ್ರ ಸೇರುವ ಅಳಿವೆಯ ಬಳಿ ಇರುವ ಈ ಮೀನುಗಾರರ ನೆಲೆ ಸ್ವಾತಂತ್ರ್ಯಾನಂತರ ಕೈಗಾರಿಕಾ ಪ್ರದೇಶವಾಯಿತು. 1948ರಲ್ಲಿ ಹುಟ್ಟಿದ ಅಶೋಕ್ ಮೋಟಾರ್ಸ್ ಇಲ್ಲಿ ಕಾರ್ಖಾನೆ ಹೂಡಿತು. ಮುಂದೆ ಅದೇ ಅಶೋಕ್ ಲೇಲ್ಯಾಂಡ್ ಆಯಿತು. ಪಕ್ಕದ ಮಣಲಿಯಲ್ಲಿ 1960ರ ದಶಕದಲ್ಲಿ ತೈಲ ಸಂಸ್ಕರಣಾಗಾರವೂ ಬಳಿಕ ಮದ್ರಾಸ್ ಫರ್ಟಿಲೈಸರ್ಸ್ ಕಾರ್ಖಾನೆಯೂ ಬಂದವು. ಎಣ್ಣೂರಿನ ಹಳೆಯ ಶಾಖೋತ್ಪನ್ನ ವಿದ್ಯುತ್ ಸ್ಥಾವರ 2017ರಲ್ಲಿ ಮುಚ್ಚಿತು. ಆದರೆ 1994ರಿಂದ ಉತ್ತರ ಚೆನ್ನೈ ಸ್ಥಾವರವೂ ಅದರ ನಂತರ ವಲ್ಲೂರಿನ ಸ್ಥಾವರವೂ ವಿದ್ಯುತ್ ಉತ್ಪಾದಿಸುತ್ತಿವೆ. ಈಗ ಕಾಮರಾಜರ್ ಬಂದರು ಎನಿಸಿಕೊಂಡಿರುವ ಎಣ್ಣೂರು ಬಂದರು 2001ರಲ್ಲಿ ಕೆಲಸ ಆರಂಭಿಸಿತು. ಎಣ್ಣೂರನ್ನು ಒಳಗೊಂಡ ಕತ್ತಿವಾಕ್ಕಂ ಪುರಸಭೆ 2011ರಲ್ಲಿ ಚೆನ್ನೈ ಮಹಾನಗರ ಪಾಲಿಕೆಗೆ ಸೇರಿತು. ದಕ್ಷಿಣಕ್ಕೆ ರಾಯಪುರಂ ಕಡೆ ಬಂದರೆ ಸ್ಟ್ಯಾನ್ಲಿ ಸರ್ಕಾರಿ ಆಸ್ಪತ್ರೆ, ರಾಜಾ ಸರ್ ರಾಮಸ್ವಾಮಿ ಮುದಲಿಯಾರ್ ಹೆರಿಗೆ ಆಸ್ಪತ್ರೆ, ತಂಡಿಯಾರ್‌ಪೇಟೆಯ ಸಾಂಕ್ರಾಮಿಕ ರೋಗಗಳ ಆಸ್ಪತ್ರೆ ಸಿಗುತ್ತವೆ. ಒಂದು ಬದಿಗೆ ಕಾರ್ಖಾನೆಗಳ ಸಾಲು, ಇನ್ನೊಂದು ಬದಿಗೆ ದೊಡ್ಡ ಸರ್ಕಾರಿ ಆಸ್ಪತ್ರೆಗಳು ಇರುವುದರಿಂದ ಇಲ್ಲಿನ ನರ್ಸ್‌ಗೆ ಆಸ್ಪತ್ರೆಯ ಹೊರಗಿನ ಮೊದಲ ಬಾಗಿಲು ಹೆಚ್ಚಾಗಿ ಕಾರ್ಖಾನೆಯದೇ.

ವೃತ್ತಿಯ ಚೌಕಟ್ಟು

ಭಾರತದಲ್ಲಿ ಸಂಘಟಿತ ನರ್ಸಿಂಗ್ ಶಿಕ್ಷಣದ ಆರಂಭವನ್ನು ಮದ್ರಾಸಿನ ಜನರಲ್ ಆಸ್ಪತ್ರೆಯಲ್ಲಿ 1871ರಲ್ಲಿ ಶುರುವಾದ ಶಾಲೆಗೆ ಸಲ್ಲಿಸುವುದು ವಾಡಿಕೆ. 1926ರ ಮದ್ರಾಸ್ ನರ್ಸ್ ಮತ್ತು ಸೂಲಗಿತ್ತಿಯರ ಕಾಯ್ದೆ ನೋಂದಣಿ ವ್ಯವಸ್ಥೆ ತಂದಿತು. 1946ರಲ್ಲಿ ದೆಹಲಿ ಮತ್ತು ವೆಲ್ಲೂರುಗಳಲ್ಲಿ ಪದವಿ ಶಿಕ್ಷಣ ಮೊದಲಾಯಿತು. 1947ರ ಭಾರತೀಯ ನರ್ಸಿಂಗ್ ಪರಿಷತ್ ಕಾಯ್ದೆಯ ಜಾಗಕ್ಕೆಂದು ಸಂಸತ್ತು 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆಯನ್ನು ಅಂಗೀಕರಿಸಿತು.

ಈ ಚರಿತ್ರೆಯಲ್ಲಿ ವೃತ್ತಿ ಬದಲಾಯಿಸುವವರಿಗೆ ನೇರವಾಗಿ ತಟ್ಟುವ ಸಂಗತಿ ಒಂದೇ: ಎಎನ್‌ಎಂ (ಸಹಾಯಕ ನರ್ಸ್-ಸೂಲಗಿತ್ತಿ), ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ), ಬಿಎಸ್‌ಸಿ ನರ್ಸಿಂಗ್ ಎಂಬ ಮೂರು ಮೆಟ್ಟಿಲುಗಳು. ವಾರ್ಡಿನಲ್ಲಿ ಜಿಎನ್‌ಎಂ ಓದಿದವರಿಗೂ ಬಿಎಸ್‌ಸಿ ಓದಿದವರಿಗೂ ಡ್ಯೂಟಿ ಒಂದೇ, ರಾತ್ರಿ ಪಾಳಿ ಒಂದೇ, ರೋಗಿ ಕರೆಯುವ ‘ಸಿಸ್ಟರ್’ ಎಂಬ ಹೆಸರೂ ಒಂದೇ. ಹೊರಗೆ ಕಾಲಿಟ್ಟ ದಿನ ವ್ಯತ್ಯಾಸ ಬಯಲಾಗುತ್ತದೆ. ಮೂರು ವರ್ಷದ ಜಿಎನ್‌ಎಂ ಒಂದು ಡಿಪ್ಲೊಮಾ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆ, ಬ್ಯಾಂಕ್ ಅಧಿಕಾರಿ ಪರೀಕ್ಷೆ, ಮೂರು ವರ್ಷದ ಎಲ್‌ಎಲ್‌ಬಿ, ಎಂಬಿಎ, ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಎಲ್ಲವೂ ಪದವಿಯನ್ನೇ ಕೇಳುತ್ತವೆ. ನಾಲ್ಕು ವರ್ಷದ ಬಿಎಸ್‌ಸಿಗೆ ಈ ಬಾಗಿಲುಗಳೆಲ್ಲ ತೆರೆದಿವೆ. ಜಿಎನ್‌ಎಂ ಆದವರಿಗೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್‌ಸಿ ಸೇತುವೆಯಾಗುತ್ತದೆ. ನರ್ಸಿಂಗ್ ಬಿಡಲು ತೀರ್ಮಾನಿಸಿದವರು ದೂರಶಿಕ್ಷಣದಲ್ಲಿ ಬೇರೆ ಪದವಿ ಪಡೆಯುವುದೂ ಉಂಟು. ಇಂದಿರಾಗಾಂಧಿ ಮುಕ್ತ ವಿಶ್ವವಿದ್ಯಾಲಯ (1985), ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ (1996), ತಮಿಳುನಾಡು ಮುಕ್ತ ವಿಶ್ವವಿದ್ಯಾಲಯ (2002) ಇವರ ಆಸರೆಗಳು. ಹತ್ತು ವರ್ಷ ತೀವ್ರ ನಿಗಾ ಘಟಕದಲ್ಲಿ ದುಡಿದ ಡಿಪ್ಲೊಮಾದಾರರಿಗೆ ಸಿಗದ ಅರ್ಜಿ ನಮೂನೆ ಆಗಷ್ಟೇ ಕಾಲೇಜು ಮುಗಿಸಿದ ಪದವೀಧರರಿಗೆ ಸಿಗುತ್ತದೆ ಎಂಬುದು ಈ ವ್ಯವಸ್ಥೆಯ ದೊಡ್ಡ ಅಸಂಗತತೆ.

ಬಿಡುವ ಕಾರಣಗಳು

ಸಂಬಳ ಮೊದಲ ಕಾರಣ. ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ವೇತನದ ಬಗ್ಗೆ ತರಬೇತಿ ಪಡೆದ ನರ್ಸ್‌ಗಳ ಭಾರತೀಯ ಸಂಘ ಹೂಡಿದ ದಾವೆಯಲ್ಲಿ 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅದರಂತೆ ರಚನೆಯಾದ ಕೇಂದ್ರ ಸಮಿತಿಯ ಶಿಫಾರಸು ಹೀಗಿತ್ತು: 200ಕ್ಕಿಂತ ಹೆಚ್ಚು ಹಾಸಿಗೆಗಳ ಆಸ್ಪತ್ರೆಯಲ್ಲಿ ಸರ್ಕಾರಿ ನರ್ಸ್‌ಗೆ ಸಮನಾದ ವೇತನ, 100ರಿಂದ 200 ಹಾಸಿಗೆಗಳಿದ್ದರೆ ಅದಕ್ಕಿಂತ ಹೆಚ್ಚೆಂದರೆ ಶೇ. 10 ಕಡಿಮೆ, 50ರಿಂದ 100 ಇದ್ದರೆ ಶೇ. 25 ಕಡಿಮೆ, 50ಕ್ಕಿಂತ ಚಿಕ್ಕದಾದರೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆಯಿಲ್ಲ. ಜಾರಿಯ ಹೊಣೆ ರಾಜ್ಯಗಳಿಗೆ ಬಂತು. ಕೇರಳ 2018ರಲ್ಲಿ ಕನಿಷ್ಠ ವೇತನದ ಅಧಿಸೂಚನೆ ಹೊರಡಿಸಿತು. ಉಳಿದೆಡೆ ಶಿಫಾರಸು ಬಹುಪಾಲು ಕಾಗದದ ಮೇಲೇ ಉಳಿಯಿತು.

ಸರ್ಕಾರಿ ಕೆಲಸವೂ ಎಲ್ಲರಿಗೂ ಕಾಯಂ ಅಲ್ಲ. ತಮಿಳುನಾಡಿನ ವೈದ್ಯಕೀಯ ಸೇವೆಗಳ ನೇಮಕಾತಿ ಮಂಡಳಿ 2015ರಲ್ಲಿ ಸಾವಿರಾರು ನರ್ಸ್‌ಗಳನ್ನು ತಿಂಗಳಿಗೆ 7,700 ರೂಪಾಯಿಯ ಒಟ್ಟುವೇತನಕ್ಕೆ ಗುತ್ತಿಗೆಯಲ್ಲಿ ತೆಗೆದುಕೊಂಡಿತು. ಕಾಯಂಗೊಳಿಸುವಂತೆ ಕೇಳಿ ಅವರು 2017ರ ನವೆಂಬರಿನಲ್ಲಿ ಚೆನ್ನೈಯಲ್ಲಿ ಮುಷ್ಕರ ಹೂಡಿದರು. ಕೋವಿಡ್ ಕಾಲದಲ್ಲಿ ತಾತ್ಕಾಲಿಕವಾಗಿ ಸೇರಿಸಿಕೊಂಡ ಎರಡು ಸಾವಿರಕ್ಕೂ ಹೆಚ್ಚು ನರ್ಸ್‌ಗಳ ಗುತ್ತಿಗೆ 2022ರ ಡಿಸೆಂಬರ್ ಕೊನೆಗೆ ಮುಗಿಯಿತು. ವೃತ್ತಿ ಬದಲಾವಣೆ ಎಂಬ ಮಾತು ಆಯ್ಕೆಯ ಧ್ವನಿ ಹೊರಡಿಸುತ್ತದೆ. ಇಂಥವರಲ್ಲಿ ಅನೇಕರ ಪಾಲಿಗೆ ಅದು ಆಯ್ಕೆಯಾಗಿರಲಿಲ್ಲ.

ದೇಹವೂ ಒಂದು ಕಾರಣ. ರೋಗಿಯನ್ನು ಎತ್ತಿ ಮಗ್ಗುಲು ಬದಲಿಸುವ ಕೆಲಸದಿಂದ ಸೊಂಟನೋವು, ಸೂಜಿ ಚುಚ್ಚಿ ಸೋಂಕು ತಗಲುವ ಭಯ, ಪಾಳಿ ಬದಲಾವಣೆಯಿಂದ ಕೆಡುವ ನಿದ್ದೆ ಈ ವೃತ್ತಿಯ ಸಾಮಾನ್ಯ ದೂರುಗಳು. ಬೋಧನಾ ಆಸ್ಪತ್ರೆಯಲ್ಲಿ ಮೂವರು ರೋಗಿಗಳಿಗೆ ಒಬ್ಬರು, ಸಾಮಾನ್ಯ ಆಸ್ಪತ್ರೆಯಲ್ಲಿ ಐವರಿಗೆ ಒಬ್ಬರು ನರ್ಸ್ ಇರಬೇಕೆಂದು ನರ್ಸಿಂಗ್ ಪರಿಷತ್ತಿನ ಮಾನದಂಡ ಹೇಳುತ್ತದೆ. ಅದು ಪಾಲನೆಯಾಗದ ವಾರ್ಡಿನಲ್ಲಿ ಈ ದೂರುಗಳು ಬೇಗ ಬರುತ್ತವೆ. ಮದುವೆ, ಮಗು, ಮನೆಯಲ್ಲಿ ಹಿರಿಯರ ಆರೈಕೆ ಇವುಗಳ ಮೇಲೆ ಬಂದು ಕೂಡುತ್ತವೆ. ಎಣ್ಣೂರಿನಂಥ ಕಡೆ ಪ್ರಯಾಣವನ್ನೂ ಲೆಕ್ಕ ಹಿಡಿಯಬೇಕು. ಗುಮ್ಮಿಡಿಪೂಂಡಿ ಮಾರ್ಗದ ಲೋಕಲ್ ರೈಲು ಇದ್ದರೂ, ಬಂದರಿನ ಕಂಟೇನರ್ ಲಾರಿಗಳು ತುಂಬಿದ ರಸ್ತೆಯಲ್ಲಿ ರಾತ್ರಿ ಪಾಳಿ ಮುಗಿಸಿ ಮನೆ ತಲುಪುವುದು ಇನ್ನೊಂದು ಪಾಳಿ ಮಾಡಿದಂತೆ.

ಕಾರ್ಖಾನೆಯ ಆಂಬ್ಯುಲೆನ್ಸ್ ಕೊಠಡಿ

1948ರ ಕಾರ್ಖಾನೆಗಳ ಕಾಯ್ದೆಯ 45ನೇ ಕಲಮಿನ ಪ್ರಕಾರ 500ಕ್ಕಿಂತ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಯಲ್ಲಿ ಆಂಬ್ಯುಲೆನ್ಸ್ ಕೊಠಡಿ ಇರಬೇಕಿತ್ತು. ಅದು ನಿಗದಿತ ವೈದ್ಯಕೀಯ ಮತ್ತು ಶುಶ್ರೂಷಾ ಸಿಬ್ಬಂದಿಯ ವಶದಲ್ಲಿರಬೇಕಿತ್ತು. ಭೋಪಾಲ್ ದುರಂತದ ನಂತರ, 1987ರ ತಿದ್ದುಪಡಿ ಅಪಾಯಕಾರಿ ಪ್ರಕ್ರಿಯೆಗಳ ಕಾರ್ಖಾನೆಗಳಿಗೆ ಇನ್ನೂ ಕಟ್ಟುನಿಟ್ಟಾದ ನಿಯಮ ತಂದಿತು. 41ಸಿ ಕಲಂ ಪ್ರಕಾರ ಕೆಲಸಗಾರರನ್ನು ಅಪಾಯದ ಕೆಲಸಕ್ಕೆ ಹಾಕುವ ಮೊದಲೂ, ಆಮೇಲೆ 12 ತಿಂಗಳಿಗೆ ಮೀರದ ಅಂತರದಲ್ಲೂ ವೈದ್ಯಕೀಯ ತಪಾಸಣೆಗೆ ಒಳಪಡಿಸಿ ಆರೋಗ್ಯ ದಾಖಲೆ ಇಡಬೇಕಿತ್ತು. ಈ ಎರಡು ಕಲಮುಗಳೇ ನರ್ಸ್‌ಗಳಿಗೆ ಒಂದು ಹೊಸ ವೃತ್ತಿಯನ್ನು ಕಟ್ಟಿಕೊಟ್ಟವು ಎನ್ನಬಹುದು. ಕಾಯ್ದೆಯ ಜಾಗಕ್ಕೆಂದು 2020ರಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಅಂಗೀಕಾರವಾಗಿ 2025ರ ನವೆಂಬರಿನಲ್ಲಿ ಜಾರಿಗೆ ಬಂತು.

ವಾರ್ಡಿನಲ್ಲಿ ರೋಗಿ ಬಂದ ಮೇಲೆ ಕೆಲಸ. ಕಾರ್ಖಾನೆಯಲ್ಲಿ ರೋಗಿ ಆಗದಂತೆ ನೋಡುವುದೇ ಕೆಲಸ. ದಿನದ ಹೆಚ್ಚಿನ ಹೊತ್ತು ಗಾಯ ತೊಳೆದು ಕಟ್ಟುವುದು, ಕಣ್ಣಿಗೆ ಬಿದ್ದ ಲೋಹದ ಚೂರಿಗೆ ಪ್ರಥಮ ಚಿಕಿತ್ಸೆ, ರಕ್ತದೊತ್ತಡ ಮತ್ತು ಸಕ್ಕರೆ ಪರೀಕ್ಷೆ, ಕಿವಿ ಮತ್ತು ಶ್ವಾಸಕೋಶದ ವಾರ್ಷಿಕ ತಪಾಸಣೆಯ ಏರ್ಪಾಡು, ಕಾರ್ಮಿಕರ ರಾಜ್ಯ ವಿಮಾ ಯೋಜನೆಯ ಕಾಗದ ಪತ್ರ, ಪ್ರಥಮ ಚಿಕಿತ್ಸೆಯ ತರಬೇತಿ ಇವುಗಳಲ್ಲಿ ಕಳೆಯುತ್ತದೆ. ಎರಕದ ಕಾರ್ಖಾನೆಯಲ್ಲಿ ಮರಳಿನ ಧೂಳಿನಿಂದ ಬರುವ ಸಿಲಿಕೋಸಿಸ್, ಸದ್ದಿನಿಂದ ಬರುವ ಕಿವುಡು, ಸೀಸದ ವಿಷ ಮೊದಲಾದವು ಕಾರ್ಖಾನೆಗಳ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಸೇರಿದ್ದ, ಅಧಿಕಾರಿಗಳಿಗೆ ತಿಳಿಸಲೇಬೇಕಾದ ಕಾಯಿಲೆಗಳು. ಇವುಗಳ ಮೊದಲ ಸುಳಿವು ಅನೇಕ ವೇಳೆ ನರ್ಸ್ ಬರೆದಿಟ್ಟ ದಾಖಲೆಯಲ್ಲಿಯೇ ಕಾಣುತ್ತದೆ: ಅದೇ ಕೆಲಸಗಾರ, ಅದೇ ವಿಭಾಗ, ಅದೇ ಕೆಮ್ಮು.

ಅಪರೂಪದ ದಿನವೊಂದು ಬಂದಾಗ ಈ ಕೊಠಡಿಯ ಬೆಲೆ ಗೊತ್ತಾಗುತ್ತದೆ. 2023ರ ಡಿಸೆಂಬರ್ 26ರ ರಾತ್ರಿ ಎಣ್ಣೂರಿನ ರಸಗೊಬ್ಬರ ಕಾರ್ಖಾನೆಗೆ ಸೇರಿದ, ಹಡಗಿನಿಂದ ಅಮೋನಿಯ ತರುವ ಕಡಲಾಳದ ಕೊಳವೆಯಲ್ಲಿ ಸೋರಿಕೆಯಾಯಿತು. ಪೆರಿಯಕುಪ್ಪಂ, ಚಿನ್ನಕುಪ್ಪಂ ಸುತ್ತಿನ ಜನ ಉಸಿರು ಕಟ್ಟಿ, ಕಣ್ಣುರಿಯಿಂದ ಮನೆ ಬಿಟ್ಟು ಓಡಿದರು. ಹಲವರು ಆಸ್ಪತ್ರೆ ಸೇರಿದರು. ಯಾವ ಅನಿಲಕ್ಕೆ ಏನು ಮಾಡಬೇಕು, ಮೊದಲು ಯಾರನ್ನು ಕಳಿಸಬೇಕು ಎಂದು ತಿಳಿದ ನರ್ಸ್‌ಗಳು ಇಂಥ ಊರಿಗೆ ಎಷ್ಟಿದ್ದರೂ ಹೆಚ್ಚಲ್ಲ.

ಈ ಕೆಲಸದ ಮಿತಿಗಳನ್ನೂ ಹೇಳಬೇಕು. ಅನೇಕ ಕಾರ್ಖಾನೆಗಳು ಆರೋಗ್ಯ ಕೇಂದ್ರವನ್ನು ಹೊರಗುತ್ತಿಗೆಗೆ ಕೊಡುತ್ತವೆ. ನರ್ಸ್ ದುಡಿಯುವುದು ಕಾರ್ಖಾನೆಯಲ್ಲಿ, ಹೆಸರು ಇರುವುದು ಗುತ್ತಿಗೆದಾರರ ಪಟ್ಟಿಯಲ್ಲಿ. ಕ್ಯಾಂಟೀನಿನ ಊಟ ಕಾರ್ಖಾನೆಯದಾದರೂ ಬೋನಸ್ ಅಲ್ಲಿನದಲ್ಲ. ಹೆಂಗಸರ ರಾತ್ರಿ ದುಡಿಮೆಗೆ ಕಾರ್ಖಾನೆಗಳ ಕಾಯ್ದೆಯ 66ನೇ ಕಲಂ ತಡೆ ಹಾಕಿತ್ತು. 2000ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಅಸಿಂಧುಗೊಳಿಸಿ ಸುರಕ್ಷತೆಯ ಷರತ್ತುಗಳನ್ನು ಹಾಕಿತು. ಆದರೂ ರಾತ್ರಿ ಪಾಳಿಯ ಕಾರ್ಖಾನೆಗಳಲ್ಲಿ ‘ಬ್ರದರ್’ ಎಂದು ಕರೆಸಿಕೊಳ್ಳುವ ಗಂಡು ನರ್ಸ್‌ಗಳಿಗೆ ಆದ್ಯತೆ ಕೊಡುವ ರೂಢಿ ಅಳಿದಿಲ್ಲ. ಮೇಲೇರುವ ಮೆಟ್ಟಿಲೂ ಗಿಡ್ಡ. ಕಾರ್ಖಾನೆಯ ಸುರಕ್ಷತಾ ಅಧಿಕಾರಿಯ ಹುದ್ದೆಗೆ ಸಾಮಾನ್ಯವಾಗಿ ಎಂಜಿನಿಯರಿಂಗ್ ಅಥವಾ ಭೌತ, ರಸಾಯನ ವಿಜ್ಞಾನದ ಓದು ಬೇಕು. ನರ್ಸಿಂಗ್ ಪದವಿಯೊಂದೇ ಸಾಲದು. ಕಲ್ಯಾಣ ಅಧಿಕಾರಿಯ ಹುದ್ದೆ ಹೆಚ್ಚು ಹತ್ತಿರದ್ದು. ಕಾರ್ಖಾನೆಗಳ ಕಾಯ್ದೆಯಡಿ 500 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಯಲ್ಲಿ ಅದು ಕಡ್ಡಾಯವಾಗಿತ್ತು, ಮತ್ತು ಬಿಎಸ್‌ಸಿ ನಂತರ ಸಮಾಜಕಾರ್ಯ ಓದಿದವರು ಅದಕ್ಕೆ ಪ್ರಯತ್ನಿಸಬಹುದು. ಆ ಓದಿಗೆ 1952ರಲ್ಲಿ ಆರಂಭವಾದ ಮದ್ರಾಸ್ ಸ್ಕೂಲ್ ಆಫ್ ಸೋಷಿಯಲ್ ವರ್ಕ್ ಎಗ್ಮೋರಿನಲ್ಲಿದೆ.

ಕೋಡಿಂಗ್, ವಿಮೆ, ಗುಣಮಟ್ಟ

ಮೆಡಿಕಲ್ ಕೋಡಿಂಗ್ ಕಳೆದ ಎರಡು ದಶಕಗಳಲ್ಲಿ ಚೆನ್ನೈ ಮತ್ತು ಬೆಂಗಳೂರುಗಳಲ್ಲಿ ಬೆಳೆದ ಉದ್ಯಮ. ಅಮೆರಿಕದ ಆಸ್ಪತ್ರೆಯಲ್ಲಿ ರೋಗಿಗೆ ನಡೆದ ಚಿಕಿತ್ಸೆಯ ದಾಖಲೆಯನ್ನು ಓದಿ, ಪ್ರತಿ ಕಾಯಿಲೆಗೂ ಪ್ರತಿ ಚಿಕಿತ್ಸೆಗೂ ನಿಗದಿತ ಸಂಕೇತ ಹಾಕುವುದು ಕೋಡರ್ ಕೆಲಸ. ಆ ಸಂಕೇತದ ಮೇಲೆ ಅಲ್ಲಿನ ವಿಮಾ ಕಂಪನಿ ಹಣ ಕೊಡುತ್ತದೆ. 2015ರ ಅಕ್ಟೋಬರ್ 1ರಂದು ಅಮೆರಿಕ ಕಾಯಿಲೆಗಳ ಸಂಕೇತಗಳ ಐಸಿಡಿ-10 ಪಟ್ಟಿಗೆ ಬದಲಾದಾಗ ಸಂಕೇತಗಳ ಸಂಖ್ಯೆ ಹಲವು ಪಟ್ಟು ಹೆಚ್ಚಿತು, ಕೋಡರ್‌ಗಳ ಬೇಡಿಕೆಯೂ ಏರಿತು. ದೇಹರಚನೆ ಗೊತ್ತಿರುವ, ಕೇಸ್ ಶೀಟ್ ಓದಿ ಪಳಗಿದ ನರ್ಸ್‌ಗೆ ಈ ಕೆಲಸ ಬೇಗ ಹಿಡಿತಕ್ಕೆ ಸಿಗುತ್ತದೆ. ಸಿಪಿಸಿ ಎಂಬ ಪ್ರಮಾಣಪತ್ರ ಪರೀಕ್ಷೆ ಪಾಸಾದರೆ ಬಡ್ತಿಗೆ ಅನುಕೂಲ.

ಕನ್ನಡಿಗ ನರ್ಸ್‌ಗಳಿಗೆ ಇದರಲ್ಲಿ ಇನ್ನೊಂದು ಅನುಕೂಲವಿದೆ. ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪದವಿ ಪಡೆದು ಕರ್ನಾಟಕದಲ್ಲಿ ನೋಂದಾಯಿಸಿಕೊಂಡವರು ಚೆನ್ನೈ ಆಸ್ಪತ್ರೆಯಲ್ಲಿ ದುಡಿಯಬೇಕಾದರೆ ತಮಿಳುನಾಡು ಪರಿಷತ್ತಿನ ನೋಂದಣಿ ಬೇಕು, ರೋಗಿಯೊಡನೆ ಮಾತಾಡಲು ತಮಿಳೂ ಬೇಕು. ಕೋಡಿಂಗ್ ಕಚೇರಿ ಎರಡನ್ನೂ ಕೇಳುವುದಿಲ್ಲ. ಆದರೆ ಅದು ಅನುಭವವನ್ನೂ ಕೇಳುವುದಿಲ್ಲ: ಎಂಟು ವರ್ಷದ ಸ್ಟಾಫ್ ನರ್ಸ್ ಮತ್ತು ಹೊಸದಾಗಿ ಬಯೊಟೆಕ್ನಾಲಜಿ ಪದವಿ ಮುಗಿಸಿದ ಹುಡುಗ ಸಾಮಾನ್ಯವಾಗಿ ಒಂದೇ ತರಬೇತಿ ತಂಡದಲ್ಲಿ ಶುರು ಮಾಡುತ್ತಾರೆ. ದಿನಕ್ಕೆ ಇಷ್ಟು ದಾಖಲೆ, ಇಷ್ಟು ನಿಖರತೆ ಎಂಬ ಗುರಿ ಇರುತ್ತದೆ. ಸೊಂಟನೋವಿಗಾಗಿ ವಾರ್ಡ್ ಬಿಟ್ಟವರಿಗೆ ಇಡೀ ದಿನ ಕುರ್ಚಿಯಲ್ಲಿ ಕೂರುವುದು ಪರಿಹಾರವೇ ಎಂಬ ಪ್ರಶ್ನೆಯೂ ಇದೆ. ಎಣ್ಣೂರಿನಿಂದ ನೋಡಿದರೆ ದೂರವೇ ದೊಡ್ಡ ತೊಡಕು. ಇಂಥ ಕಚೇರಿಗಳು ಹೆಚ್ಚಾಗಿ ಗಿಂಡಿ, ಪೆರುಂಗುಡಿ, ಹಳೆ ಮಹಾಬಲಿಪುರಂ ರಸ್ತೆಯ ಕಡೆ, ಅಂದರೆ ನಗರದ ಇನ್ನೊಂದು ತುದಿಯಲ್ಲಿವೆ.

ಆರೋಗ್ಯ ವಿಮೆ ಇನ್ನೊಂದು ನೆಲೆ. 2001ರ ನಿಯಮಾವಳಿ ಬಂದ ಮೇಲೆ ವಿಮಾ ಕಂಪನಿ ಮತ್ತು ಆಸ್ಪತ್ರೆಯ ನಡುವೆ ವಿಮಾ ಕ್ಲೇಮುಗಳನ್ನು ಪರಿಶೀಲಿಸುವ ಟಿಪಿಎ ಸಂಸ್ಥೆಗಳು ಹುಟ್ಟಿದವು. ಚೆನ್ನೈಯಲ್ಲಿ ಕೇಂದ್ರ ಕಚೇರಿ ಇರುವ ಸ್ಟಾರ್ ಹೆಲ್ತ್ 2006ರಲ್ಲಿ ಆರಂಭವಾಯಿತು. ತಮಿಳುನಾಡು ಸರ್ಕಾರ 2009ರಲ್ಲಿ ಕಲೈಞರ್ ವಿಮಾ ಯೋಜನೆ ತಂದಿತು, 2012ರಲ್ಲಿ ಅದು ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮಾ ಯೋಜನೆಯಾಯಿತು. ಇಂಥ ಯೋಜನೆಗಳಿಗೆ ಆಸ್ಪತ್ರೆಯೊಳಗೇ ಕಾಗದ ಸಿದ್ಧಪಡಿಸುವ, ಮುಂಗಡ ಅನುಮತಿ ಪಡೆಯುವ ಜನ ಬೇಕು. ಕರ್ನಾಟಕದವರಿಗೆ ‘ಆರೋಗ್ಯಮಿತ್ರ’ ಎಂದರೆ ಕೆಲಸದ ಸ್ವರೂಪ ತಿಳಿದೀತು. ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಎನ್‌ಎಬಿಎಚ್ ಮಂಡಳಿ 2005ರಲ್ಲಿ ಸ್ಥಾಪನೆಯಾದ ಮೇಲೆ ಗುಣಮಟ್ಟ ಸಂಯೋಜಕ, ಸೋಂಕು ನಿಯಂತ್ರಣ ನರ್ಸ್ ಎಂಬ ಹುದ್ದೆಗಳೂ ಬೆಳೆದವು. ರಾತ್ರಿ ಪಾಳಿ ಇಲ್ಲದ ಈ ಕೆಲಸಗಳಿಗೆ ವಾರ್ಡಿನ ಅನುಭವವೇ ನೇರ ಅರ್ಹತೆ. ವೃತ್ತಿ ಬಿಡದೆ ಕೆಲಸ ಬದಲಾಯಿಸಲು ಇದಕ್ಕಿಂತ ಒಳ್ಳೆಯ ದಾರಿ ಕಡಿಮೆ.

ಬೋಧನೆ, ಆಡಳಿತ, ಸಾರ್ವಜನಿಕ ಬದುಕು

ಬೋಧನೆಗೆ ಬಿಎಸ್‌ಸಿ, ಮುಂದೆ ಎಂಎಸ್‌ಸಿ ನರ್ಸಿಂಗ್ ಬೇಕು. ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ಓದು ಪದವೀಧರ ನರ್ಸ್‌ಗಳನ್ನು ವ್ಯವಸ್ಥಾಪಕರನ್ನಾಗಿಸುತ್ತದೆ. ಎಚ್‌ಐವಿ ಕಾರ್ಯಕ್ರಮ ಆಪ್ತಸಲಹೆಯ ಕೆಲಸವನ್ನು ವಿಸ್ತರಿಸಿತು; ಭಾರತದಲ್ಲಿ ಆ ಸೋಂಕು ಮೊದಲು ಪತ್ತೆಯಾದದ್ದೇ 1986ರಲ್ಲಿ, ಮದ್ರಾಸಿನಲ್ಲಿ. ತಮಿಳುನಾಡು ಲೋಕಸೇವಾ ಆಯೋಗದ ನಾಲ್ಕನೇ ಗುಂಪಿನ ಪರೀಕ್ಷೆಗೆ ಹತ್ತನೇ ತರಗತಿ ಸಾಕಾಗುವುದರಿಂದ ಡಿಪ್ಲೊಮಾ ನರ್ಸ್‌ಗಳೂ ಬರೆಯಬಹುದು. ಅದಕ್ಕಿಂತ ಮೇಲಿನ ಗುಂಪುಗಳಿಗೆ ಮತ್ತೆ ಪದವಿಯ ಪ್ರಶ್ನೆ ಎದುರಾಗುತ್ತದೆ.

ಪದವಿ ಏನು ಮಾಡಬಲ್ಲದು ಎಂಬುದಕ್ಕೆ ಕನ್ನಡಿಗರು ಬಲ್ಲ ಉದಾಹರಣೆ ಆ್ಯನಿಸ್ ಕಣ್ಮಣಿ ಜಾಯ್. ಕೇರಳದ ಎರ್ನಾಕುಲಂ ಜಿಲ್ಲೆಯವರಾದ ಅವರು ತಿರುವನಂತಪುರದಲ್ಲಿ ಬಿಎಸ್‌ಸಿ ನರ್ಸಿಂಗ್ ಓದಿ, ನಾಗರಿಕ ಸೇವಾ ಪರೀಕ್ಷೆ ಗೆದ್ದು 2012ರ ತಂಡದಲ್ಲಿ ಕರ್ನಾಟಕಕ್ಕೆ ಐಎಎಸ್ ಅಧಿಕಾರಿಯಾಗಿ ಬಂದರು. ಐಎಎಸ್ ಸೇರಿದ ಮೊದಲ ನರ್ಸ್ ಎಂದು ಅವರನ್ನು ಗುರುತಿಸುತ್ತಾರೆ. 2020ರಲ್ಲಿ ಕೋವಿಡ್ ಬಂದಾಗ ಅವರು ಕೊಡಗಿನ ಜಿಲ್ಲಾಧಿಕಾರಿ. ಮುಂಬಯಿಯಲ್ಲಿ ಹಿಂದೆ ನರ್ಸ್ ಆಗಿದ್ದ ಕಿಶೋರಿ ಪೆಡ್ನೇಕರ್ 2019ರಲ್ಲಿ ಮೇಯರ್ ಆದರು. ಮರುವರ್ಷ ಏಪ್ರಿಲ್‌ನಲ್ಲಿ ನರ್ಸ್ ಸಮವಸ್ತ್ರದಲ್ಲಿ ನಾಯರ್ ಆಸ್ಪತ್ರೆಗೆ ಹೋದರು. ಮಲಯಾಳಂ ನಟಿ ಅನ್ನಾ ರಾಜನ್ 2017ರಲ್ಲಿ ತೆರೆಗೆ ಬರುವ ಮೊದಲು ನರ್ಸ್ ಆಗಿದ್ದವರು.

ಹೊರದೇಶಗಳಲ್ಲಿ ಸಿಸಿಲಿ ಸಾಂಡರ್ಸ್ ಕತೆ ಈ ವಿಷಯಕ್ಕೆ ಎಲ್ಲಕ್ಕಿಂತ ಹೆಚ್ಚು ಹೊಂದುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನಲ್ಲಿ ನರ್ಸಿಂಗ್ ಕಲಿತ ಅವರು ಬೆನ್ನುನೋವಿನಿಂದ ಆ ಕೆಲಸ ಬಿಡಬೇಕಾಯಿತು. ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾದರು, ಬಳಿಕ ವೈದ್ಯಕೀಯ ಓದಿ 1957ರಲ್ಲಿ ವೈದ್ಯೆಯಾದರು, 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದು ಆಧುನಿಕ ಉಪಶಾಮಕ ಆರೈಕೆಗೆ ಅಡಿಗಲ್ಲು ಹಾಕಿದರು. ಪತ್ತೇದಾರಿ ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿ ಮೊದಲ ಮಹಾಯುದ್ಧದಲ್ಲಿ ಸ್ವಯಂಸೇವಕ ನರ್ಸ್. ಆಸ್ಪತ್ರೆಯ ಔಷಧಾಲಯದಲ್ಲಿ ಕಲಿತ ವಿಷಗಳ ಜ್ಞಾನವೇ 1920ರ ಮೊದಲ ಕಾದಂಬರಿಗೆ ಬಂಡವಾಳ. ಫ್ಲಾರೆನ್ಸ್ ನೈಟಿಂಗೇಲ್ ಕೂಡ ಕ್ರಿಮಿಯಾ ಯುದ್ಧದಿಂದ ಮರಳಿದ ಮೇಲೆ ಬದುಕಿನ ಹೆಚ್ಚಿನ ಭಾಗ ಅಂಕಿಅಂಶ, ನೈರ್ಮಲ್ಯ ಮತ್ತು ಭಾರತದ ಆರೋಗ್ಯ ವರದಿಗಳಲ್ಲಿ ಕಳೆದವರು ಎಂಬುದನ್ನು ನರ್ಸ್ ದಿನಾಚರಣೆಯ ಭಾಷಣಗಳು ಮರೆಯುತ್ತವೆ.

ಸ್ವಂತ ಕೆಲಸ ಮತ್ತು ಕಾನೂನಿನ ಗೆರೆ

ಮನೆಗೆ ಹೋಗಿ ಮುದುಕರನ್ನು, ಶಸ್ತ್ರಚಿಕಿತ್ಸೆಯಾದವರನ್ನು ನೋಡಿಕೊಳ್ಳುವ ಸೇವೆ ನಡೆಸುವುದು ಕಡಿಮೆ ಬಂಡವಾಳದ ಉದ್ಯಮ. ಪ್ರಥಮ ಚಿಕಿತ್ಸಾ ತರಬೇತಿ ಕೊಡುವುದೂ ಹಾಗೆಯೇ. ಔಷಧಿ ಅಂಗಡಿ ಅನೇಕರ ಆಸೆ. ಆದರೆ 1948ರ ಫಾರ್ಮಸಿ ಕಾಯ್ದೆಯ 42ನೇ ಕಲಮಿನಂತೆ ವೈದ್ಯರ ಚೀಟಿಗೆ ಔಷಧ ಕೊಡುವ ಅಧಿಕಾರ ನೋಂದಾಯಿತ ಫಾರ್ಮಸಿಸ್ಟ್‌ಗೆ ಮಾತ್ರ. ನರ್ಸಿಂಗ್ ಓದು ಅದಕ್ಕೆ ಬದಲಿಯಲ್ಲ. ಚಿಕಿತ್ಸಾಲಯ ತೆರೆದು ತಾವೇ ಔಷಧ ಬರೆಯುವುದು, ವೈದ್ಯರ ಆದೇಶವಿಲ್ಲದೆ ಗ್ಲೂಕೋಸ್ ಬಾಟಲಿ ಏರಿಸುವುದು ನೇರ ಅಪರಾಧ. ವೈದ್ಯರು ದೂರವಿರುವ ಕೂಲಿಕಾರರ ಬಡಾವಣೆಗಳಲ್ಲಿ ನೆರೆಯವರೇ ಇದನ್ನು ಮಾಡೆಂದು ಒತ್ತಾಯಿಸುತ್ತಾರೆ. ಅದಕ್ಕೆ ಮಣಿದು ಕಾನೂನಿನ ಕೈಗೆ ಸಿಕ್ಕವರು ನೋಂದಣಿಯನ್ನೂ ಕಳೆದುಕೊಳ್ಳಬಹುದು.

ನೋಂದಣಿ

ದೇಶದಲ್ಲಿ ನೋಂದಾಯಿತ ನರ್ಸಿಂಗ್ ಸಿಬ್ಬಂದಿ ಸುಮಾರು 33 ಲಕ್ಷ ಎಂದು 2022ರ ಹೊತ್ತಿಗೆ ಸರ್ಕಾರದ ಲೆಕ್ಕ. ಹೊರದೇಶಕ್ಕೆ ಹೋದವರು, ಮನೆಯಲ್ಲಿ ಉಳಿದವರು, ಬೇರೆ ಕೆಲಸ ಹಿಡಿದವರು ಎಲ್ಲರೂ ಹಳೆಯ ಪಟ್ಟಿಗಳಲ್ಲಿ ಸೇರಿರುವುದರಿಂದ ಹಾಸಿಗೆಯ ಪಕ್ಕದಲ್ಲಿ ನಿಂತು ದುಡಿಯುವವರ ಸಂಖ್ಯೆ ಇದಲ್ಲ. ಈ ಗೊಂದಲ ಬಿಡಿಸಲೆಂದೇ ನರ್ಸಿಂಗ್ ಪರಿಷತ್ತು ಪ್ರತಿಯೊಬ್ಬರಿಗೂ ವಿಶಿಷ್ಟ ಗುರುತು ಸಂಖ್ಯೆ ಕೊಡುವ ನೋಂದಣಿ ಜಾಡು ವ್ಯವಸ್ಥೆಯನ್ನು ತಂದಿತು. ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಕೋಡಿಂಗ್‌ಗೋ ವಿಮಾ ಕಚೇರಿಗೋ ಹೋದವರು ಇನ್ನು ಬೇಕಿಲ್ಲವೆಂದು ಇದನ್ನು ಕೈಬಿಡುವುದುಂಟು. ಆ ಕೆಲಸ ಹೋದ ದಿನ ಆಸ್ಪತ್ರೆಗೆ ಮರಳಲು, ಕಾರ್ಖಾನೆಯ ಆಂಬ್ಯುಲೆನ್ಸ್ ಕೊಠಡಿ ಸೇರಲು, ಹೊರದೇಶಕ್ಕೆ ಅರ್ಜಿ ಹಾಕಲು ಮೊದಲು ಕೇಳುವುದು ಚಾಲ್ತಿಯಲ್ಲಿರುವ ನೋಂದಣಿಯನ್ನೇ. ಆದ್ದರಿಂದ ವೃತ್ತಿ ಬದಲಿಸಿದವರೂ ಅದನ್ನು ಕಾಲಕಾಲಕ್ಕೆ ನವೀಕರಿಸಿಟ್ಟುಕೊಳ್ಳುವುದು ಒಳ್ಳೆಯದು.